ಓರೆ ಮೂತಿಯ ಗಿಂಡಿ

ಭಾನುವಾರ ಬೆಳಿಗ್ಗೆ ಕಡಲೆಹಿಟ್ಟಿನ ಗಾಠಿಯಾ ಪೊಟ್ಟಣ ಬಿಚ್ಚಿದ ಮೇಲೆ ಯಾರೂ ಕೆಲಸದ ಮಾತು ಎತ್ತಬಾರದು ಎಂಬುದು ಎಲ್ಲರೂ ‘ಬಾ’, ಅಂದರೆ ಅಮ್ಮ, ಎಂದು ಕರೆಯುವ ರಂಭಾಬಾ ತಮ್ಮ ಮನೆಗೆ ಹಾಕಿಕೊಟ್ಟ ಕಟ್ಟಳೆ. ಗಂಡ ಇದ್ದಾಗಲೂ ಅದು ನಡೆದಿತ್ತು, ಅವರು ಹೋದ ಮೇಲೂ ನಡೆದುಕೊಂಡು ಬಂದಿತ್ತು. ಆಷಾಢದ ಒಂದು ಭಾನುವಾರ ಅದನ್ನು ಮುರಿದವನು ಅವರ ಮಗ ಹಸ್ಮುಖ. ಹುರಿದ ಮೆಣಸಿನಕಾಯಿಯ ತಟ್ಟೆಯನ್ನು ಆಚೆ ಸರಿಸಿ, ಆ ಜಾಗದಲ್ಲಿ ಕೋರ್ಟಿನ ಕಾಗದ ಇಟ್ಟ.

"ಇವತ್ತಿಂದ ಗಿಂಡಿ ಮಾಡೋ ಹಾಗಿಲ್ಲ, ಮಾರೋ ಹಾಗಿಲ್ಲ" ಎಂದ.

"ಯಾವ ಗಿಂಡಿ?"

"ಓರೆ ಮೂತೀದು, ಬಾ. ಅದರ ಪೇಟೆಂಟ್ ತಮ್ಮ ಹತ್ತಿರ ಇದೆ ಅಂತ ಒಂದು ದೊಡ್ಡ ಕಂಪನಿ ತಡೆ ತಂದಿದೆ."

ರಾಜಕೋಟಿನ ಆ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಂಚುಗಾರರೇ. ಹಿಂದೆ ಕೈಯಲ್ಲಿ ಹಿತ್ತಾಳೆ ಬಡಿಯುತ್ತಿದ್ದವರು ಈಗ ಯಂತ್ರದಲ್ಲಿ ಸ್ಟೀಲಿನ ತಗಡು ಒತ್ತುತ್ತಾರೆ. ಹಸ್ಮುಖನ ಕಾರ್ಖಾನೆಯಲ್ಲಿ ಇದ್ದದ್ದು ಎರಡು ಯಂತ್ರ, ಆರು ಜನ ಕೆಲಸದವರು. ಎರಡು ವರ್ಷದಿಂದ ಆ ಆರು ಜನರ ಕೈತುಂಬ ಕೆಲಸ ಕೊಡುತ್ತಿದ್ದದ್ದು ತುಪ್ಪ ಬಡಿಸುವ ಒಂದು ಗಿಂಡಿ. ಎಲ್ಲ ಗಿಂಡಿಗಳಿಗೂ ಹಿಡಿಯ ಎದುರಿಗೆ ಮೂತಿ ಇದ್ದರೆ ಇದಕ್ಕೆ ಹಿಡಿಯ ಪಕ್ಕಕ್ಕೆ, ಎಡಗಡೆಗೆ ಇತ್ತು. ಯಾರೋ ಕರೆದಾಗ ತಿರುಗಿ ನೋಡುವ ಗಿಳಿಯ ಹಾಗೆ ಕಾಣುತ್ತಿತ್ತು. ಜನಕ್ಕೆ ಅದೇ ಇಷ್ಟವಾಗಿತ್ತು.

"ಮೂತಿಗೂ ಮಾಲೀಕರಿರ್ತಾರಾ?" ರಂಭಾಬಾಗೆ ಗಾಬರಿಗಿಂತ ಕುತೂಹಲವೇ ಹೆಚ್ಚು.

ಬಿ.ಕಾಂ. ಓದುತ್ತಿದ್ದ ಮೊಮ್ಮಗಳು ಹೇತ್ವಿ ಕಾಗದ ಎಳೆದುಕೊಂಡು ಓದಿದಳು. "ಆಕಾರಕ್ಕೆ ಇರ್ತಾರೆ, ಬಾ. ಇದು ಡಿಸೈನ್ ಪೇಟೆಂಟ್. ಪಾತ್ರೆ ಏನು ಕೆಲಸ ಮಾಡುತ್ತೆ ಅಂತ ಲೆಕ್ಕ ಇಲ್ಲ. ನೋಡೋಕೆ ಹೇಗಿದೆ ಅನ್ನೋದಷ್ಟೇ. ನಾಲ್ಕು ವರ್ಷದ ಹಿಂದೆ ನೋಂದಣಿ ಮಾಡಿಸಿದ್ದಾರೆ."

"ಮತ್ತೆ ನಾನು ರೊಟ್ಲಿ ದುಂಡಗೆ ಲಟ್ಟಿಸೋಕೆ ಯಾರ ಅಪ್ಪಣೆ ಕೇಳಬೇಕು?"

ಹೇತ್ವಿ ನಕ್ಕಳು, ಹಸ್ಮುಖ ನಗಲಿಲ್ಲ. ಕಂಪನಿಯವರು ರಾಜಿಗೂ ಸಿದ್ಧರಿದ್ದಾರೆ ಎಂದ. ತಪ್ಪಾಯಿತು ಎಂದು ಬರೆದುಕೊಟ್ಟು, ಅಚ್ಚುಗಳನ್ನು ಒಪ್ಪಿಸಿದರೆ ಕೇಸು ಹಿಂದಕ್ಕೆ ತೆಗೆಯುತ್ತಾರೆ. ಆಮೇಲೆ ಅದೇ ಗಿಂಡಿಯನ್ನು ಅವರಿಗಾಗಿ, ಅವರ ಹೆಸರಿನಲ್ಲಿ ಕೂಲಿಗೆ ಮಾಡಿಕೊಡಬಹುದು. ಆನೆಯ ಜೊತೆ ಕಬಡ್ಡಿ ಆಡುವ ತಾಕತ್ತು ತನಗಿಲ್ಲ ಎಂದ.

ಸೊಸೆ ಪ್ರವೀಣಾ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಆ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷವಾದರೂ ಅವಳು ಊಟದ ಹೊತ್ತಿನಲ್ಲಿ ಆಡಿದ ಮಾತು ಬೆರಳಲ್ಲಿ ಎಣಿಸುವಷ್ಟು.

"ತಪ್ಪಾಯ್ತು ಅಂತ ಬರೆದುಕೊಡಬೇಡಿ. ಅದು ನಮ್ಮ ಅಪ್ಪನ ಕೈಕೆಲಸ" ಎಂದು ಚಹಾ ಇಟ್ಟು ಒಳಗೆ ಹೋದಳು.

ಗಾಠಿಯಾ ಅರ್ಧ ಹಾಗೇ ಉಳಿಯಿತು.

ಅವಳು ಹೇಳಿದ್ದು ಸುಳ್ಳಲ್ಲ. ಪ್ರವೀಣಾಳ ತಂದೆ ತುಳಸೀದಾಸರು ಸಿಹೋರದ ಹೆಸರಾಂತ ಕಂಚುಗಾರರು. ಮಗಳ ಮದುವೆಗೆಂದು ಹಿತ್ತಾಳೆಯ ಒಂದು ಗಿಂಡಿಯನ್ನು ತಾವೇ ಬಡಿದು ಮಾಡಿ, ತಳದಲ್ಲಿ ಚುಕ್ಕಿಚುಕ್ಕಿಯಾಗಿ ಅವಳ ಹೆಸರು, ತಿಥಿ, ವಿಕ್ರಮ ಸಂವತ್ ಎರಡು ಸಾವಿರದ ಐವತ್ತನಾಲ್ಕು ಎಂದು ಕೊರೆದು ಕೊಟ್ಟಿದ್ದರು. ಅದು ಅಟ್ಟ ಸೇರಿ ಎಷ್ಟೋ ವರ್ಷ ಇತ್ತು. ಲಾಕ್‌ಡೌನ್ ವರ್ಷ ಅವರು ತೀರಿಕೊಂಡಾಗ ಹೋಗಿ ಮುಖ ನೋಡಲಾಗದ ಪ್ರವೀಣಾ, ಗಿಂಡಿಯನ್ನು ಕೆಳಗಿಳಿಸಿ ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತ ಕುಳಿತಿದ್ದಳು. ಹಸ್ಮುಖ ಕಂಡದ್ದು ಆಗ. ಅದನ್ನೇ ಸ್ಟೀಲಿನಲ್ಲಿ ಇಳಿಸಿದ.

ರಾಜಿಗೆ ಮುಂಚೆ ಒಂದು ಸಲ ವಕೀಲರನ್ನು ಕೇಳೋಣ ಎಂದವಳು ಹೇತ್ವಿ. ಓಝಾ ವಕೀಲರು ಮಧ್ಯಾಹ್ನದ ನಿದ್ದೆ ಮುಗಿಸಿ ನಾಲ್ಕರ ಮೇಲೆ ಕಚೇರಿ ತೆರೆಯುತ್ತಿದ್ದರು. ನಾನೂ ಬರುತ್ತೇನೆ ಎಂದು ರಂಭಾಬಾ ಚಪ್ಪಲಿ ಮೆಟ್ಟಿದರು. ಹಸ್ಮುಖ ಬೇಡವೆಂದರೂ ಕೇಳಲಿಲ್ಲ. ಆಕಾರಕ್ಕೆ ಮಾಲೀಕರು ಹೇಗಾಗುತ್ತಾರೆ ಎನ್ನುವುದನ್ನು ತಿಳಿಯದೆ ಅವರಿಗೆ ನಾಲ್ಕು ದಿನದಿಂದ ಊಟ ರುಚಿಸಿರಲಿಲ್ಲ.

ವಕೀಲರು ಸಮಾಧಾನದ ಮನುಷ್ಯ. ಅಜ್ಜಿಗೆ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಸರ್ಕಾರ ಒಂದು ಆಕಾರಕ್ಕೆ ಮಾಲೀಕತ್ವ ಕೊಡುವುದು ಅದು ಹೊಸದು ಎಂಬ ನಂಬಿಕೆಯ ಮೇಲೆ. ನೋಂದಣಿಗೆ ಮುಂಚೆಯೇ ಅದು ನಾಲ್ಕು ಜನರ ಕಣ್ಣಿಗೆ ಬಿದ್ದಿತ್ತೆಂದು ತೋರಿಸಿಕೊಟ್ಟರೆ ಆ ಪೇಟೆಂಟೇ ನಿಲ್ಲುವುದಿಲ್ಲ. ಹಾಗೆಂದು ನಾವು ವಾದ ಹೂಡಿದ ಕೂಡಲೇ ಕೇಸು ಇಲ್ಲಿಂದ ಅಹಮದಾಬಾದಿನ ಹೈಕೋರ್ಟಿಗೆ ಹೋಗುತ್ತದೆ.

ಜೊತೆಗೆ ಬಂದಿದ್ದ ಪ್ರವೀಣಾ ಚೀಲದಿಂದ ಹಿತ್ತಾಳೆಯ ಗಿಂಡಿ ತೆಗೆದು ಮೇಜಿನ ಮೇಲಿಟ್ಟಳು. ವಕೀಲರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ತಳದ ಚುಕ್ಕಿಗಳನ್ನು ಓದಿ, ಇಸವಿಗಾಗಿ ಮನಸ್ಸಿನಲ್ಲೇ ಐವತ್ತಾರು ಕಳೆದು, ಸಾವಿರದ ಒಂಬೈನೂರ ತೊಂಬತ್ತೆಂಟು ಎಂದರು. ಅವರ ಮುಖ ಅರಳಿತು, ಮತ್ತೆ ಬಾಡಿತು.

"ಚುಕ್ಕಿ ನಿನ್ನೆ ಕೂಡ ಹೊಡೆಸಬಹುದು ಅಂತಾರೆ ಅವರು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಅಟ್ಟದಲ್ಲಿ ಬಚ್ಚಿಟ್ಟ ಪಾತ್ರೆ ಜಗತ್ತು ನೋಡಿದ ಪಾತ್ರೆ ಆಗಲ್ಲ. ಇದನ್ನ ಹೊರಗಿನವರು ಯಾರಾದರೂ ನೋಡಿದ್ರಾ?"

ಪ್ರವೀಣಾ ನೆಲ ನೋಡಿದಳು. ರಂಭಾಬಾ ಫ್ಯಾನ್ ನೋಡಿದರು.

"ಯೋಚನೆ ಮಾಡಿ ಹೇಳ್ತೀವಿ" ಎಂದ ಹಸ್ಮುಖ. ಅವನಿಗೆ ಗೊತ್ತಿರಲಿಲ್ಲ. ಮದುವೆಯ ಮರುದಿನ ಪಾತ್ರೆಗಳನ್ನು ಹರಡಿದ ಹೊತ್ತಿಗೆ ಅವನು ಗೆಳೆಯರ ಜೊತೆ ಚಪ್ಪರ ಬಿಚ್ಚಿಸುತ್ತಿದ್ದ.

ಹೊಸ ಸೊಸೆ ಮನೆಗೆ ಬಂದ ಮರುದಿನ ಅವಳ ತವರಿನವರು ಕೊಟ್ಟದ್ದನ್ನೆಲ್ಲ ಕಟ್ಟೆಯ ಮೇಲೆ ಮಂಚ ಹಾಕಿ ಹರಡುವುದು ಓಣಿಯ ಪದ್ಧತಿ. ಸೀರೆ, ಹಾಸಿಗೆ, ಪಾತ್ರೆ, ಕೊನೆಗೆ ಸೂಜಿದಾರದ ಡಬ್ಬಿಯವರೆಗೂ. ಓಣಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿ ಹೋಗುತ್ತಾರೆ. ಪ್ರವೀಣಾ ಬಂದಾಗ ಐವತ್ತು ಜನಕ್ಕೆ ಕಡಿಮೆಯಿಲ್ಲದೆ ಬಂದಿದ್ದರು. ರಂಭಾಬಾಗೆ ಆಗ ಐವತ್ತು ವರ್ಷ, ಒಬ್ಬನೇ ಮಗನ ತಾಯಿ, ಬಾಯಿ ಚುರುಕು. ಅವರು ಗಿಂಡಿಯನ್ನು ಎತ್ತಿ ಹಿಡಿದು ಒಂದು ಮಾತು ಹೇಳಿದ್ದರು. ಐವತ್ತು ಜನರೂ ನಕ್ಕಿದ್ದರು. ಸಂಜೆಯೇ ಪ್ರವೀಣಾ ಗಿಂಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಳು.

ವಕೀಲರ ಕಚೇರಿಯಿಂದ ಬಂದ ಮೇಲೆ ವಾರವೊಂದು ಅತ್ತೆ ಸೊಸೆಯರಿಬ್ಬರೂ ಒಬ್ಬರ ದಾರಿಗೊಬ್ಬರು ಬಾರದ ಹಾಗೆ ಕೆಲಸ ಹಂಚಿಕೊಂಡರು. ಕಾರ್ಖಾನೆಯಲ್ಲಿ ಒಂದು ಯಂತ್ರ ನಿಂತಿತ್ತು. ಪಾಲಿಶ್ ಮಾಡುವ ಇಬ್ಬರು ಹೆಂಗಸರು ದಿನವೂ ಬೆಳಿಗ್ಗೆ ಬಂದು, ಕೆಲಸ ಇಲ್ಲವೆಂದು ಕೇಳಿ, ಮನೆಯಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ಚಹಾ ಮಾಡಿಟ್ಟು ಕಾಯುತ್ತಿದ್ದವಳು ಪ್ರವೀಣಾ. ಒಂದು ದಿನವೂ ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಮೆಂತ್ಯ ಸೊಪ್ಪಿನ ರೊಟ್ಟಿ ಥೇಪ್ಲಾ ಕಟ್ಟಿ ಕೊಡುವುದನ್ನು ರಂಭಾಬಾ ಜೋಕಾಲಿಯ ಮೇಲೆ ಕುಳಿತು ನೋಡುತ್ತಿದ್ದರು.

ಒಂಬತ್ತನೆಯ ದಿನ ಅವರು ಎದುರುಮನೆಯ ಸಕೀನಾಬೆನ್ ಬಳಿ ಹೋದರು. ಆ ಓಣಿಯಲ್ಲಿ ಇದ್ದದ್ದು ಒಂದೇ ವೋರಾ ಮುಸ್ಲಿಮರ ಮನೆ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಮಂಡಿನೋವು.

"ಸಕೀನಾ, ನಮ್ಮ ಪ್ರವೀಣಾ ಪಾತ್ರೆ ಹರಡಿದ ದಿನ ನಿನಗೆ ನೆನಪಿದೆಯಾ?"

"ಯಾರಿಗೆ ನೆನಪಿಲ್ಲ?" ಸಕೀನಾಬೆನ್ ಬೆಳ್ಳುಳ್ಳಿ ಬಿಡಿಸುತ್ತಿದ್ದರು. "ನೀನು ಹೇಳಿದ ಮಾತು ಈ ಓಣೀಲಿ ಇನ್ನೂ ಓಡಾಡ್ತಾ ಇದೆ. ನಮ್ಮ ನಲ್ಲಿಗೆ ಬರಬೇಕಾದ ನೀರು ಆಚೆ ಓಣಿಗೆ ಹೋದರೆ ಏನಂತಾರೆ? ರಂಭಾಬಾ ತುಪ್ಪ ಆಯ್ತು ಅಂತಾರೆ."

"ನನ್ನೆದುರು ಯಾರೂ ಅಂದಿಲ್ಲ."

"ನಿನ್ನೆದುರು ಯಾರು ಅಂತಾರೆ? ನಿನ್ನ ಸೊಸೆ ಎದುರು ಅಂದಿದ್ದಾರೆ. ನೀರಿನ ಸಾಲಲ್ಲಿ ನಿಂತಾಗೆಲ್ಲ ಅವಳನ್ನ ಓರೆ ಗಿಂಡಿ ಅಂತ ಕರೀತಿದ್ರು. ಒಂದಿನಾನೂ ಬಂದು ನಿನಗೆ ಹೇಳಲಿಲ್ಲವಾ?"

ಹೇಳಿರಲಿಲ್ಲ. ರಂಭಾಬಾ ಒಂದಷ್ಟು ಬೆಳ್ಳುಳ್ಳಿ ಬಿಡಿಸಿಕೊಟ್ಟು ಎದ್ದರು.

ಅಂದು ಸಂಜೆ ಖಿಚಡಿ, ಮಜ್ಜಿಗೆಯ ಕಢಿ. ಪ್ರವೀಣಾ ಎಂದಿನಂತೆ ಬಲಗೈಯಲ್ಲಿ ಬಡಿಸುತ್ತಿದ್ದಳು. ಹೆಚ್ಚುವುದು, ಲಟ್ಟಿಸುವುದು, ಬರೆಯುವುದು ಎಲ್ಲ ಎಡಗೈ. ಬಡಿಸುವುದು ಮಾತ್ರ ಬಲಗೈ. ಹೆಣ್ಣು ನೋಡಲು ಸಿಹೋರಕ್ಕೆ ಹೋದಾಗ, ಎಡಗೈಯಲ್ಲಿ ಬಡಿಸುವುದು ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ರಂಭಾಬಾ ಮೊದಲೇ ಹೇಳಿ ಬಂದಿದ್ದರು.

"ಹಸ್ಮುಖ, ಓಝಾ ಸಾಹೇಬರಿಗೆ ಫೋನು ಮಾಡು. ಆ ಗಿಂಡೀನ ಐವತ್ತು ಜನ ನೋಡಿದ್ದಾರೆ. ನಾನೇ ಎತ್ತಿ ತೋರಿಸಿದ್ದೆ. ನಾನು ಸಾಕ್ಷಿ ಹೇಳ್ತೀನಿ."

ಹಸ್ಮುಖ ಎಲ್ಲ ಕೇಳಿ ತುತ್ತು ಕೆಳಗಿಟ್ಟ. ಅವನಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. "ಈ ವಯಸ್ಸಲ್ಲಿ ಕಟಕಟೆ ಹತ್ತಿ, ಸೊಸೆ ತವರನ್ನ ಹಂಗಿಸಿದೆ ಅಂತ ಹೇಳ್ತೀಯಾ? ಮನೆ ಮಾತನ್ನ ಊರ ಮುಂದೆ ಹರಡೋದಾ? ರಾಜಿ ಮಾಡ್ಕೊಂಡರೆ ಮರ್ಯಾದೆಯಾದರೂ ಉಳಿಯುತ್ತೆ."

"ಯಾರ ಮರ್ಯಾದೆ, ಪಪ್ಪಾ?" ಎಂದಳು ಹೇತ್ವಿ.

"ನೀನು ಸುಮ್ನಿರು."

"ಬೇಡ, ಬಾ" ಎಂದಳು ಪ್ರವೀಣಾ, ಸೌಟು ಹಿಡಿದುಕೊಂಡೇ. "ಅಷ್ಟು ದೂರ ನೀವು ಹೋಗೋದು ಬೇಡ."

ರಂಭಾಬಾ ಸೊಸೆಯ ಕಡೆ ತಿರುಗಿದರು. "ಒಂದು ಫೋಟೋ ಇತ್ತಲ್ಲ, ವಹು? ನಾನು ಗಿಂಡಿ ಎತ್ತಿದಾಗ ಕಣ್ಣಿಗೆ ಫಕ್ ಅಂತ ಬೆಳಕು ಹೊಡೆದಿತ್ತು."

"ಇಲ್ಲ."

ಹೇತ್ವಿ ಎದ್ದು ಹೋಗಿ ಆಲ್ಬಮ್ ತಂದಳು. ಹನ್ನೊಂದನೆಯ ಹಾಳೆಯಲ್ಲಿ ನಾಲ್ಕು ಮೂಲೆಯ ಅಂಟು ಮಾತ್ರ ಇತ್ತು, ನಡುವೆ ಖಾಲಿ. ಪ್ರವೀಣಾ ಕಢಿ ತಣ್ಣಗಾಯಿತೆಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮೂರು ದಿನ ಕಳೆದು, ಮಧ್ಯಾಹ್ನ ಎಲ್ಲ ಮಲಗಿರುವ ಹೊತ್ತಿನಲ್ಲಿ, ಅವಳು ಅತ್ತೆಯ ಜೋಕಾಲಿಯ ಬಳಿ ಬಂದು ಒಂದು ಲಕೋಟೆ ಕೊಟ್ಟಳು. ರಂಭಾಬಾ ಕನ್ನಡಕ ಹಾಕಿಕೊಂಡರು. ಫೋಟೋದಲ್ಲಿ ಅವರೇ ಇದ್ದರು. ಗಿಂಡಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ಬಾಯ್ತುಂಬ ನಗುತ್ತಿದ್ದರು. ಸುತ್ತ ಓಣಿಯ ಹೆಂಗಸರು, ಸೆರಗು ಬಾಯಿಗಿಟ್ಟು ನಗುವವರು, ಸಕೀನಾ ಕೂಡ. ಪಕ್ಕಕ್ಕೆ ತಿರುಗಿದ ಮೂತಿ ಚೆನ್ನಾಗಿ ಕಾಣುತ್ತಿತ್ತು. ಮೂಲೆಯಲ್ಲಿ ಕೆಂಪು ಸೀರೆಯ ಹುಡುಗಿಯೊಬ್ಬಳು ತಲೆ ತಗ್ಗಿಸಿದ್ದಳು. ಫೋಟೋದ ಹಿಂಬದಿಗೆ ಸ್ಟುಡಿಯೋದ ಮೊಹರು, ತೊಂಬತ್ತೆಂಟರ ಮೇ ತಿಂಗಳ ತಾರೀಕು.

ರಂಭಾಬಾ ಬಹಳ ಹೊತ್ತು ಆ ಮೂಲೆಯನ್ನೇ ನೋಡಿದರು.

"ಹರಿದು ಹಾಕಬಹುದಿತ್ತಲ್ಲ?"

"ಅದರಲ್ಲಿ ಬಾಪುಜಿ ಮಾಡಿದ ಗಿಂಡಿ ಇದೆ."

"ಹಾಗಾದರೆ ಆಲ್ಬಮ್ಮಲ್ಲೇ ಬಿಡಬಹುದಿತ್ತು."

ಪ್ರವೀಣಾ ಜೋಕಾಲಿಯ ಸರಪಳಿ ಹಿಡಿದು ನಿಂತಳು. "ಹೇತ್ವಿ ಆಲ್ಬಮ್ ನೋಡೋಕೆ ಶುರು ಮಾಡಿದಾಗ ತೆಗೆದೆ. ಅವಳು ನಿಮ್ಮ ತೊಡೆ ಬಿಟ್ಟು ಇಳೀತಾ ಇರಲಿಲ್ಲ. ನಿಮ್ಮನ್ನ ಹೀಗೆ ನೋಡೋದು ಬೇಡ ಅನ್ನಿಸ್ತು."

ಅಷ್ಟು ಹೇಳಿ ಒಣಗಿದ ಬಟ್ಟೆ ತೆಗೆಯಲು ಮೇಲೆ ಹೋದಳು. ರಂಭಾಬಾ ಆ ಮಧ್ಯಾಹ್ನ ಮಲಗಲಿಲ್ಲ. ಸಂಜೆ ಮಗ ಬರುತ್ತಲೇ ಫೋಟೋ ಅವನ ಕೈಗಿಟ್ಟರು. ಅವನು ನೋಡಿದ, ಹೆಂಡತಿಯ ಕಡೆ ನೋಡಿದ, ಮತ್ತೆ ರಾಜಿಯ ಮಾತು ತೆಗೆಯಲಿಲ್ಲ.

ಕೇಸು ಅಹಮದಾಬಾದಿಗೆ ಹೋಯಿತು. ನವರಾತ್ರಿ ಬಂತು, ಹೋಯಿತು. ದೀಪಾವಳಿಗೆ ಗಿಂಡಿ ಬೇಕೆಂದಿದ್ದ ಅಂಗಡಿಗಳು ಬೇರೆಯವರ ಕಡೆ ಹೋದವು. ಕೆಲಸದವರಲ್ಲಿ ಒಬ್ಬ ಬೇರೆ ಕೆಲಸಕ್ಕೆ ಮೊರ್ಬಿಗೆ ಹೋದ, ಐವರು ಉಳಿದರು. ಹೈಕೋರ್ಟು ಸಾಕ್ಷಿ ಬರೆದುಕೊಳ್ಳಲು ಒಬ್ಬ ಕಮಿಷನರನ್ನು ನೇಮಿಸಿತು, ನಿವೃತ್ತ ನ್ಯಾಯಾಧೀಶರು. ಕಾರ್ತೀಕದ ಒಂದು ಬೆಳಿಗ್ಗೆ ಮನೆಮಂದಿಯೆಲ್ಲ ಬಸ್ಸು ಹತ್ತಿದರು. ಸಕೀನಾಬೆನ್ ಕೂಡ ಸಾಕ್ಷಿಯಾಗಿ ಬಂದರು, ದಾರಿಗೆ ಬುತ್ತಿ ತಂದಿದ್ದರು.

ಕಂಪನಿಯ ವಕೀಲೆ ಹೇತ್ವಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ರಂಭಾಬಾ ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ನೋಡಿ ತನ್ನ ನೀರಿನ ಬಾಟಲಿ ಮುಂದೆ ಹಿಡಿದಳು. ಇಷ್ಟು ಒಳ್ಳೆಯ ಹುಡುಗಿ ನಮಗೆ ಎದುರಾಳಿಯಲ್ಲ ಎಂದುಕೊಂಡರು ರಂಭಾಬಾ. ಪ್ರಶ್ನೆ ಶುರುವಾದ ಮೇಲೆ ಹಾಗೆನ್ನಿಸಲಿಲ್ಲ.

ಕಾರ್ಖಾನೆ ನಿಮ್ಮ ಮಗನದೇ ಅಲ್ಲವೇ? ಹೌದು. ಗಿಂಡಿ ಮಾಡಿದವರು ನಿಮ್ಮ ಬೀಗರೇ ಅಲ್ಲವೇ? ಹೌದು. ಮಗನ ಕಾರ್ಖಾನೆ ಉಳಿಸಲು ಬೀಗರ ಕೈಕೆಲಸವನ್ನು ಈಗ ಹೊಗಳುತ್ತಿದ್ದೀರಿ, ಅಲ್ಲವೇ?

"ಹೊಗಳಲಿಲ್ಲ, ಮಗಳೇ. ಹಂಗಿಸಿದೆ ಅಂತ ಹೇಳೋಕೆ ಬಂದಿದ್ದೀನಿ."

ಟೈಪ್ ಮಾಡುತ್ತಿದ್ದವನ ಬೆರಳು ನಿಂತಿತು. ಫೋಟೋದಲ್ಲಿ ಇರುವುದು ಮಾಮೂಲಿ ಗಿಂಡಿ, ನೀವು ಹಿಡಿದ ರೀತಿಗೆ ಮೂತಿ ಪಕ್ಕಕ್ಕೆ ಇದ್ದ ಹಾಗೆ ಕಾಣುತ್ತದೆ ಎಂದಳು ವಕೀಲೆ. ಅಲ್ಲ ಎಂದರು ರಂಭಾಬಾ. ಅದನ್ನು ಎಷ್ಟು ಸಲ ಬಳಸಿದ್ದೀರಿ ಎಂದು ಕೇಳಿದಳು. ಒಂದು ಸಲವೂ ಇಲ್ಲ. ಬಳಸದೆ ಆಕಾರ ಅಷ್ಟು ಖಚಿತವಾಗಿ ಹೇಗೆ ನೆನಪಿದೆ?

"ಹಂಗಿಸಬೇಕಾದರೆ ಚೆನ್ನಾಗಿ ನೋಡಬೇಕಾಗುತ್ತೆ. ಒಳ್ಳೇದನ್ನ ಅಷ್ಟು ನೋಡಲ್ಲ ನಾವು."

ಕಮಿಷನರು ಕನ್ನಡಕ ತೆಗೆದು ಕೇಳಿದರು, "ಏನಂತ ಹಂಗಿಸಿದ್ರಿ, ಬಾ? ಅದು ಬರಹದಲ್ಲಿ ಬರಬೇಕು. ಇದ್ದ ಹಾಗೇ ಹೇಳಿ."

ಪ್ರವೀಣಾ ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದಳು. ರಂಭಾಬಾ ಅವಳನ್ನು ನೋಡಿಕೊಂಡೇ ಹೇಳಿದರು.

"ಎಲ್ಲರೂ ನೋಡ್ರೇ, ಸಿಹೋರದ ಗಿಂಡಿ ಮೂತಿ ತಿರುಗಿಸ್ಕೊಂಡು ಬಂದಿದೆ. ಮುಂದಿನವನಿಗೆ ಬಡಿಸಿದರೆ ಪಕ್ಕದವನ ತಟ್ಟೆಗೆ ಬೀಳುತ್ತೆ ತುಪ್ಪ. ಮಾಡಿದವನ ಕೈ ಸೊಟ್ಟನೋ, ಕೊಟ್ಟವನ ಮನಸ್ಸು ಸೊಟ್ಟನೋ."

ಟೈಪಿನವನಿಗೆ ನಗು ಬಂತು, ವಕೀಲೆಗೂ ತುಟಿಯಂಚಿನಲ್ಲಿ ಬಂತು. ಪ್ರವೀಣಾ ಕೊನೆಯ ಮಾತು ಬರುವವರೆಗೆ ತಲೆ ಎತ್ತಿಯೇ ಇದ್ದಳು, ಆಮೇಲೆ ಕಿಟಕಿಯ ಕಡೆ ತಿರುಗಿದಳು. ಸಕೀನಾಬೆನ್ ತಮ್ಮ ಸರದಿ ಬಂದಾಗ ಅದೇ ಮಾತನ್ನು ಒಂದು ಅಕ್ಷರ ಬಿಡದೆ ಹೇಳಿದರು. ನೀರಿನ ಸಾಲಿನ ಕತೆಯನ್ನೂ ಹೇಳಿದರು. ಇಷ್ಟು ವರ್ಷ ಒಂದು ಓಣಿ ನಗುತ್ತಾ ಬಂದ ಪಾತ್ರೆ ಗುಟ್ಟಾಗಿತ್ತೆಂದು ಹೇಗೆ ಹೇಳುವುದು ಎಂದು ಓಝಾ ವಕೀಲರು ಮೆತ್ತಗೆ ಕೇಳಿ ಕುಳಿತರು.

ಮಾರ್ಗಶಿರದಲ್ಲಿ ಆದೇಶ ಬಂತು. ಕೇಸು ಮುಗಿದಿರಲಿಲ್ಲ, ಇನ್ನೂ ವರ್ಷಗಟ್ಟಲೆ ನಡೆಯಬಹುದು. ಆದರೆ ಆ ಆಕಾರ ಹೊಸದು ಎಂಬುದು ಮೇಲ್ನೋಟಕ್ಕೇ ಅನುಮಾನ, ಪೇಟೆಂಟ್ ನಿಲ್ಲುವುದು ಕಷ್ಟ ಎಂದು ನ್ಯಾಯಾಧೀಶರು ಬರೆದು ತಡೆ ತೆಗೆದಿದ್ದರು. ಪಾಲಿಶ್ ಮಾಡುವ ಹೆಂಗಸರು ಅಂದು ಚಹಾ ಕುಡಿಯಲು ಒಳಗೆ ಬರಲಿಲ್ಲ, ಕೆಲಸ ಇತ್ತು. ಹಿತ್ತಾಳೆಯ ಗಿಂಡಿ, ಫೋಟೋ ಎರಡೂ ಕೋರ್ಟಿನ ಕಪಾಟಿನಲ್ಲೇ ಉಳಿದವು. ಆ ಕಂಪನಿಗೆ ಇದೇ ಆಕಾರ ಎಲ್ಲಿಂದ ಹೊಳೆಯಿತು ಎಂಬುದು ಮಾತ್ರ ಕೊನೆಗೂ ಯಾರಿಗೂ ತಿಳಿಯಲಿಲ್ಲ. ಸಿಹೋರದಲ್ಲಿ ಯಾರಾದರೂ ನೋಡಿ ಮಾಡಿಕೊಂಡಿದ್ದರೋ ಏನೋ ಎಂದು ರಂಭಾಬಾ ಇಂದಿಗೂ ಒಮ್ಮೊಮ್ಮೆ ಕೇಳುತ್ತಾರೆ.

ಸಂಜೆ ಹಸ್ಮುಖ ಮತ್ತೆ ಒತ್ತಿದ ಸ್ಟೀಲಿನ ಗಿಂಡಿಗಳಲ್ಲಿ ಮೊದಲನೆಯದನ್ನು ಮನೆಗೆ ತಂದ. ಪ್ರವೀಣಾ ತುಪ್ಪ ತುಂಬಿಸಿದಳು. ರಂಭಾಬಾ ಕೈ ಚಾಚಿದರು.

"ಇಲ್ಲಿ ಕೊಡು. ನೀನೂ ಕೂತ್ಕೋ, ವಹು. ಇವತ್ತು ನಾನು ಬಡಿಸ್ತೀನಿ."

ಎಲ್ಲರೂ ಊಟ ಮಾಡಿದ ಮೇಲೆ ಕೂರುವವಳು ಅಂದು ಗಂಡನ ಪಕ್ಕ ಕುಳಿತಳು. ರಂಭಾಬಾ ವಯಸ್ಸಿಗೆ ಮಣಿಕಟ್ಟು ನೋಯುವ ಬಲಗೈಯಲ್ಲಿ ಗಿಂಡಿ ಹಿಡಿದು ಸೊಸೆಯ ಖಿಚಡಿಯ ಮೇಲೆ ಬಗ್ಗಿಸಿದರು. ತುಪ್ಪ ಧಾರೆಯಾಗಿ ಹಸ್ಮುಖನ ತಟ್ಟೆಗೆ ಬಿತ್ತು.

ಹೇತ್ವಿ ಮೊದಲು ನಕ್ಕಳು. ಆಮೇಲೆ ಹಸ್ಮುಖ. ಪ್ರವೀಣಾ ತಡೆದುಕೊಂಡಳು, ಆಗಲಿಲ್ಲ. ಆ ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ.

"ಮುಂದಕ್ಕೆ ಬಗ್ಗಿಸಬಾರದು, ಬಾ. ಹಿಡಿ ನಿಮ್ಮ ಕಡೆಗೇ ಇರಲಿ. ಬರೀ ಮಣಿಕಟ್ಟು ಒಳಗೆ ತಿರುಗಿಸಿ. ಹೀಗೆ." ಎದ್ದು ಬಂದು ಅತ್ತೆಯ ಕೈಯ ಮೇಲೆ ಕೈಯಿಟ್ಟು ತಿರುಗಿಸಿದಳು. ತುಪ್ಪ ನೆಟ್ಟಗೆ ಖಿಚಡಿಯ ನಡುವಿನ ಗುಳಿಗೆ ಬಿತ್ತು. ನೋಯುವ ಮಣಿಕಟ್ಟಿಗೆ ನೋವೇ ತಿಳಿಯಲಿಲ್ಲ.

ರಂಭಾಬಾ ಅಚ್ಚರಿಯಿಂದ ಇನ್ನೊಮ್ಮೆ ತಿರುಗಿಸಿ ನೋಡಿದರು. "ಇದನ್ನ ಹೀಗೆ ಯಾಕೆ ಮಾಡಿದ್ರು ನಿಮ್ಮಪ್ಪ?"

"ಬಲಗೈ ನನಗೆ ಮುಂದಕ್ಕೆ ಬಗ್ಗಲ್ಲ, ಚೆಲ್ಲುತ್ತೆ. ಎಡಗೈಲಿ ಬಡಿಸೋ ಹಾಗಿಲ್ಲ ಅಂತ ನೀವು ಹೇಳಿ ಬಂದಿದ್ರಲ್ಲ. ಬಾಪುಜಿ ಹದಿನೈದು ದಿನ ಯೋಚನೆ ಮಾಡಿದ್ರು."

ರಂಭಾಬಾ ಗಿಂಡಿಯ ಮೂತಿಯನ್ನು ಬೆರಳಿನಿಂದ ಸವರಿದರು.

"ಇಪ್ಪತ್ತನಾಲ್ಕು ವರ್ಷ. ನನಗೆ ಒಂದು ಮಾತು ಹೇಳಲಿಲ್ಲ ನೀನು."

"ನೀವು ಕೇಳಲಿಲ್ಲ, ಬಾ."

ರಂಭಾಬಾ ಗಿಂಡಿಯನ್ನು ಸೊಸೆಯ ಮುಂದಿಟ್ಟರು. "ಹಸ್ಮುಖ, ಇದರ ಮೂತಿ ಬಲಗಡೆಗೆ ಬರೋ ಹಾಗೆ ಒಂದು ಮಾಡಿಸು. ಎಡಗೈಲಿ ಹಿಡಿಯೋಕೆ."

"ಅದನ್ನ ಯಾರೂ ನೋಡಿಲ್ಲ, ಬಾ!" ಹೇತ್ವಿ ಕೂತಲ್ಲೇ ಹಾರಿದಳು. "ಯಾರಿಗೂ ತೋರಿಸಬೇಡಿ. ಮೊದಲು ನಾವು ಪೇಟೆಂಟ್ ಮಾಡಿಸೋಣ."

"ಪೇಟೆಂಟ್ ಬೇಡ" ಎಂದರು ರಂಭಾಬಾ. "ಅದು ಬಂದ ದಿನ ಕಟ್ಟೆ ಮೇಲೆ ಮಂಚ ಹಾಕಿ ಇಡಬೇಕು. ಸಕೀನಾಗೆ ಹೇಳು, ಓಣಿಯವರನ್ನೆಲ್ಲ ಕರೀಲಿ. ಎತ್ತಿ ತೋರಿಸೋಕೆ ನಾನಿದ್ದೀನಿ."